ಡಿಸೆಂಬರ್ 4ರ ನೌಕಾಪಡೆ ದಿನ: ಕಾರವಾರದ ಚಪಲ್ ಕರಾಚಿಗೆ ಹೋಗಿತ್ತಾ?

ಸುಮಾ_ಹೆಬ್ಬಾಳ
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ನೌಕಾಪಡೆ ದಿನಕ್ಕೆ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇದೆ, ಕನ್ನಡದಲ್ಲೇ ಮೂರು ನಿಮಿಷ ಮಾತಾಡಬೇಕು. ದಸರಾ ರಜೆಯಲ್ಲಿ ಕಾರವಾರಕ್ಕೆ ಹೋಗಿದ್ದಾಗ ಟಾಗೋರ್ ಕಡಲತೀರದಲ್ಲಿರುವ ಚಪಲ್ ಯುದ್ಧನೌಕೆಯ ಮ್ಯೂಸಿಯಂ ನೋಡಿದ್ದೆವು. ಅದನ್ನೇ ಹಿಡಿದುಕೊಂಡು "1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಬೆಂಕಿ ಇಟ್ಟ ಹಡಗು ಇವತ್ತು ನಮ್ಮ ಕಾರವಾರದಲ್ಲಿದೆ" ಅಂತ ಶುರು ಮಾಡಿದ್ದಾಳೆ. ಕೇಳೋಕೆ ಚೆನ್ನಾಗಿದೆ. ಆದರೆ ಮೇಲಿನ ಮನೆ ಅಂಕಲ್ "ಇದು ತಪ್ಪು" ಅಂದುಬಿಟ್ಟರು, ಅವಳು ಮುಖ ಊದಿಸಿಕೊಂಡು ಕೂತಿದ್ದಾಳೆ. ಇಂಟರ್‌ನೆಟ್‌ನಲ್ಲಿ ನೋಡಿದರೆ ತುಂಬಾ ಕಡೆ ಅವಳು ಬರೆದ ಹಾಗೇ ಇದೆ. ಯಾವುದು ನಿಜ?

ಇನ್ನೊಂದು ಪ್ರಶ್ನೆ. ಪಾಕಿಸ್ತಾನದ ಜೊತೆಗಿನ ಆ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗಿಯಿತು. ಅಷ್ಟು ದಿನಗಳಲ್ಲಿ 4ನೇ ತಾರೀಖನ್ನೇ ಯಾಕೆ ಹಿಡಿದರು?

ಕಡಲಂಚು
4ರ ರಾತ್ರಿ ಆಪರೇಷನ್ ಟ್ರೈಡೆಂಟ್ ನಡೆಯಿತು, ಅದಕ್ಕೇ. ಮೂರು ಸಣ್ಣ ಕ್ಷಿಪಣಿ ದೋಣಿಗಳು ಕರಾಚಿ ಬಾಗಿಲಿಗೇ ಹೋಗಿ ಹೊಡೆದು ಬಂದವು. ಪಾಕಿಸ್ತಾನದ ಖೈಬರ್ ಅನ್ನೋ ಡಿಸ್ಟ್ರಾಯರ್ ಯುದ್ಧನೌಕೆ, ಮುಹಾಫಿಜ್ ಅನ್ನೋ ಮೈನ್‌ಸ್ವೀಪರ್, ಮದ್ದುಗುಂಡು ತರುತ್ತಿದ್ದ ವೀನಸ್ ಚಾಲೆಂಜರ್ ಅನ್ನೋ ಸರಕು ಹಡಗು, ಮೂರೂ ಮುಳುಗಿದವು. ಶಾಹ್ ಜಹಾನ್ ಅನ್ನೋ ಇನ್ನೊಂದು ಡಿಸ್ಟ್ರಾಯರ್ ಜಖಂ ಆಯಿತು. ಕರಾಚಿ ಬಂದರಿನ ಕೆಮಾರಿ ಎಣ್ಣೆ ಟ್ಯಾಂಕಿಗೂ ಒಂದು ಕ್ಷಿಪಣಿ ಬಿತ್ತು. ನಮ್ಮ ಕಡೆ ಒಬ್ಬರಿಗೂ ಏನೂ ಆಗಲಿಲ್ಲ.

ಬೆಳಗಾವಿ_ಕುಂದಾ
ಚಪಲ್ ಹೋಗಿತ್ತು ರೀ. ನಮ್ಮ ಟೂರ್ ಗೈಡ್ ಖುದ್ದಾಗಿ ಹೇಳಿದ್ದು. ಸುಮ್ನೆ ಮಗುವಿನ ಉತ್ಸಾಹ ಯಾಕೆ ಹಾಳು ಮಾಡ್ತೀರಿ?

ಹಳೆ_ನಾವಿಕ
ಗೈಡ್ ಹೇಳಿದ್ದೇ ಇತಿಹಾಸ ಆದರೆ ಹಂಪಿಯಲ್ಲಿ ದಿನಕ್ಕೊಂದು ಹೊಸ ವಿಜಯನಗರ ಹುಟ್ಟುತ್ತದೆ ಸ್ವಾಮಿ.

ನಾನು ನೌಕಾಪಡೆಯಲ್ಲಿ ಎಂಜಿನ್ ರೂಮಿನಲ್ಲಿ ಇದ್ದವನು. 71ರ ಯುದ್ಧ ನನ್ನ ಕಾಲದ್ದಲ್ಲ. ಆದರೆ ಈ ದೋಣಿಗಳ ವಿಷಯ ಗೊತ್ತು. ಯುದ್ಧದ ಹೊತ್ತಿಗೆ ನಮ್ಮ ಹತ್ತಿರ ಇದ್ದದ್ದು ರಷ್ಯಾದಿಂದ ತಂದ ಎಂಟು ದೋಣಿ. ವೀರ್, ವಿದ್ಯುತ್, ವಿಜೇತ, ವಿನಾಶ್, ನಿಪಾತ್, ನಾಶಕ್, ನಿರ್ಭೀಕ್, ನಿರ್ಘಾತ್. ಅಷ್ಟೇ. ಇದರಲ್ಲಿ ಚಪಲ್ ಎಲ್ಲಿದೆ? 4ರ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್, ವೀರ್. 8ರ ರಾತ್ರಿ ಎರಡನೇ ಸಲ, ಅಂದರೆ ಆಪರೇಷನ್ ಪೈಥಾನ್‌ನಲ್ಲಿ, ಹೋದದ್ದು ವಿನಾಶ್ ಒಂದೇ. ಜೊತೆಗೆ ತ್ರಿಶೂಲ್, ತಲ್ವಾರ್ ಅನ್ನೋ ಎರಡು ಫ್ರಿಗೇಟ್ ಯುದ್ಧನೌಕೆ.

ಚಪಲ್ ಅದೇ ಜಾತಿಯ ಮುಂದಿನ ಮಾದರಿ. ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಹುಟ್ಟುವ ಮೊದಲೇ ಯುದ್ಧಕ್ಕೆ ಹೋಗೋಕೆ ಅದೇನು ಅಭಿಮನ್ಯುನಾ?

ಬೆಳಗಾವಿ_ಕುಂದಾ
ಹಾಗಾದರೆ ಗೂಗಲ್‌ನಲ್ಲಿ ಬಂದದ್ದೆಲ್ಲ ಸುಳ್ಳಾ? ಹತ್ತು ಕಡೆ ಇದೆ.

ಹಳೆ_ನಾವಿಕ
ಒಬ್ಬ ಬರೆದ, ಒಂಬತ್ತು ಜನ ನಕಲು ಮಾಡಿದರು. ಹತ್ತು ಕಡೆ ಇರುವುದಕ್ಕೆ ಅದೇ ಕಾರಣ.

ಸುಮಾ ಅವರೇ, ನೀವು ಫೋಟೋ ತೆಗೆದಿರುತ್ತೀರಿ ಅಲ್ವಾ? ಒಂದು ಕೆಲಸ ಮಾಡಿ. ಹಡಗಿನ ಪಕ್ಕಕ್ಕೆ ಎರಡೆರಡು ದೊಡ್ಡ ಕ್ಷಿಪಣಿ ಗೂಡು ಇರುತ್ತವೆ, ಮುಂದಕ್ಕೆ ಸ್ವಲ್ಪ ಮೇಲೆತ್ತಿದ ಹಾಗೆ. ಅವು ಚೌಕವಾಗಿವೆಯೋ ಗುಂಡಗಿವೆಯೋ ನೋಡಿ ಹೇಳಿ.

ಸುಮಾ_ಹೆಬ್ಬಾಳ
ಈಗ ತೆಗೆದು ನೋಡಿದೆ ಸಾರ್. ಗುಂಡಗಿವೆ. ದಪ್ಪ ಪೈಪಿನ ಹಾಗೆ, ಮೇಲೆ ಸುತ್ತಲೂ ಪಟ್ಟಿ ಇದೆ. ಮಗಳು ಒಂದರ ಕೆಳಗೆ ನಿಂತಿದ್ದಾಳೆ.

ಹಳೆ_ನಾವಿಕ
ಮುಗೀತು. 71ರಲ್ಲಿ ಹೋದ ದೋಣಿಗಳದ್ದು ಚೌಕ ಪೆಟ್ಟಿಗೆ. ಆಗಿನ ಕ್ಷಿಪಣಿಗೆ ರೆಕ್ಕೆ ಮಡಚೋಕೆ ಬರುತ್ತಿರಲಿಲ್ಲ, ಅದಕ್ಕೇ ಅಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಆಮೇಲೆ ರೆಕ್ಕೆ ಮಡಚುವ ಕ್ಷಿಪಣಿ ಬಂತು, ಗುಂಡಗಿನ ಕೊಳವೆ ಸಾಕಾಯಿತು. ಚಪಲ್‌ದು ಎರಡನೇದು. ನಂಬರ್ ಕೂಡ ನೋಡಿ, ಕೆ94. 71ರ ಎಂಟೂ ದೋಣಿಗಳ ನಂಬರ್ ಕೆ82ರಿಂದ ಕೆ89ರವರೆಗೆ.

ಧಾರವಾಡ_ಗೆಳೆಯ
ಭಾರಿ ಪತ್ತೇದಾರಿ ಮಾಡಿದ್ರಿ ಬಿಡ್ರಿ! ಇಷ್ಟು ದಿನ ನಾನೂ ಚಪಲ್ ಅಂತನೇ ತಿಳ್ಕೊಂಡಿದ್ದೆ.

ಅಂಕೋಲೆ_ಹುಡುಗ
ಆದರೆ ಚಪಲ್ ನೋಡುವುದರಿಂದ ಆ ರಾತ್ರಿ ಹೇಗಿತ್ತು ಅಂತ ಅಂದಾಜಾಗುತ್ತದೆ, ಅದನ್ನು ಮರೆಯಬೇಡಿ. ನಾನು ಎಷ್ಟೋ ಸಲ ಒಳಗೆ ಹೋಗಿದ್ದೇನೆ, ಊರಿಗೆ ಬಂದ ನೆಂಟರನ್ನು ಕರೆದುಕೊಂಡು ಹೋಗುವ ಜಾಗವೇ ಅದು. ಕಡಿದಾದ ಕಬ್ಬಿಣದ ಏಣಿ, ಹಿಂದುಮುಂದಾಗಿ ಇಳಿಯಬೇಕು. ಬಗ್ಗದಿದ್ದರೆ ಬಾಗಿಲ ಚೌಕಟ್ಟಿಗೆ ತಲೆ ಬಡಿಯುತ್ತದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಮೇ ತಿಂಗಳಲ್ಲಿ ಹೋದರಂತೂ ಒಳಗೆ ಬೆವರು ಸುರಿಯುತ್ತದೆ. ಎಂಜಿನ್ ಆಫ್ ಆಗಿರುವಾಗಲೇ ಹೀಗೆ. 40 ಮೀಟರ್ ಕೂಡ ಉದ್ದ ಇಲ್ಲದ ಇಂಥ ದೋಣಿಯಲ್ಲಿ ಸುಮಾರು 30 ಜನ ಕೂತು ಕರಾಚಿಗೆ ಹೋದರು ಅಂದರೆ ನಂಬುವುದೇ ಕಷ್ಟ.

ಪೀಣ್ಯ_ಫಿಟ್ಟರ್
ಅಷ್ಟು ಸಣ್ಣ ದೋಣಿ ಮುಂಬೈಯಿಂದ ಕರಾಚಿಗೆ ಹೋಗಿ ಬರೋವಷ್ಟು ಡೀಸೆಲ್ ಹಿಡಿಯುತ್ತಾ?

ಹಳೆ_ನಾವಿಕ
ಒಳ್ಳೇ ಪ್ರಶ್ನೆ. ಹಿಡಿಯಲ್ಲ. ರಷ್ಯಾದವರು ಇದನ್ನು ಮಾಡಿದ್ದು ತಮ್ಮ ಬಂದರಿನ ಕಾವಲಿಗೆ. ಶತ್ರು ಹತ್ತಿರ ಬಂದರೆ ಓಡಿ ಹೋಗಿ ಹೊಡೆದು ವಾಪಸ್ ಬರೋದು, ಅಷ್ಟೇ ಲೆಕ್ಕ. ನಮ್ಮವರು ಅದನ್ನು ತಿರುಗಿಸಿ ಹಾಕಿದರು, ದೊಡ್ಡ ಹಡಗಿನಿಂದ ಎಳೆಸಿ ದೂರ ಒಯ್ಯುವ ಉಪಾಯ ಮಾಡಿದರು.

ಎಳೆದುಕೊಂಡು ಹೋಗುವ ಉಪಾಯಕ್ಕೂ ಒಂದು ಹಿನ್ನೆಲೆ ಇದೆ. ದೋಣಿಗಳು ರಷ್ಯಾದಿಂದ ದೊಡ್ಡ ಹಡಗಿನ ಮೇಲೆ ಬಂದಾಗ ಅಷ್ಟು ಭಾರ ಎತ್ತುವ ಕ್ರೇನ್ ಮುಂಬೈಯಲ್ಲಿ ಇರಲಿಲ್ಲ. ಕಲ್ಕತ್ತಾದಲ್ಲಿ ಇಳಿಸಿದರು. ಅಲ್ಲಿಂದ ಹಗ್ಗ ಕಟ್ಟಿ, ದಕ್ಷಿಣದ ತುದಿ ಸುತ್ತಿಸಿ ಮುಂಬೈಗೆ ಎಳೆದು ತಂದರು. ಇಷ್ಟು ದೂರ ಎಳೆಯಬಹುದಾದರೆ ಕರಾಚಿ ಕಡೆಗೂ ಎಳೆಯಬಹುದಲ್ಲ! ಯುದ್ಧಕ್ಕೆ ಮೊದಲು ಅದನ್ನೇ ಅಭ್ಯಾಸ ಮಾಡಿದರು. ಟ್ರೈಡೆಂಟ್‌ನಲ್ಲಿ ಕಿಲ್ಟನ್, ಕಚ್ಚಲ್ ಅನ್ನೋ ಎರಡು ದೊಡ್ಡ ಹಡಗು ಬೆಂಗಾವಲಿಗೆ ಇದ್ದವು, ಇಂಧನಕ್ಕೆ ಪೋಷಕ್ ಅನ್ನೋ ಟ್ಯಾಂಕರ್. ಹಗಲೆಲ್ಲ ಪಾಕಿಸ್ತಾನದ ವಿಮಾನಗಳ ಕೈಗೆ ಸಿಗದಷ್ಟು ದೂರದಲ್ಲಿ ಇದ್ದು, ಕತ್ತಲಾದ ಮೇಲೆ ಒಳಗೆ ನುಗ್ಗಿದರು. ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ ನಿರ್ಘಾತ್‌ನಿಂದ ಮೊದಲ ಕ್ಷಿಪಣಿ ಹೋಯಿತು, ಕರಾಚಿಗೆ ಇನ್ನೂ 70 ನಾಟಿಕಲ್ ಮೈಲಿ ದೂರ ಇರುವಾಗಲೇ. ಖೈಬರ್‌ನವರಿಗೆ ಹೊಡೆದದ್ದು ಏನು ಅಂತಲೇ ಗೊತ್ತಾಗಲಿಲ್ಲ. ವಿಮಾನ ದಾಳಿ ಅಂದುಕೊಂಡು ಹಾಗೇ ಸಂದೇಶ ಕಳಿಸಿದರು. ತಾವು ಎಲ್ಲಿದ್ದೇವೆ ಅನ್ನೋದನ್ನೂ ತಪ್ಪಾಗಿ ತಿಳಿಸಿದರು. ಹಾಗಾಗಿ ನೆರವು ಬರುವುದೂ ತಡವಾಯಿತು.

ಕಡಲಂಚು
ದೋಣಿಯವರು ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲಿ ಮಾತಾಡಿದ್ದೂ ನಿಜಾನಾ?

ಹಳೆ_ನಾವಿಕ
ನಿಜ. ಎಲ್ಲರೂ ವ್ಲಾದಿವೊಸ್ತೊಕ್ ಕಡೆ ತರಬೇತಿ ಮುಗಿಸಿ ಬಂದವರು. ತಿಂಗಳುಗಟ್ಟಲೆ ರಷ್ಯನ್‌ನಲ್ಲೇ ಪಾಠ ಕೇಳಿದ್ದರು. ಕದ್ದು ಕೇಳುವವರಿಗೆ ತಲೆಬುಡ ತಿಳಿಯಬಾರದು, ಅದಕ್ಕೆ.

ಜಯನಗರ_4ನೇ_ಬ್ಲಾಕ್
ಎಲ್ಲರೂ ನೌಕಾಪಡೆಗೇ ಹಾರ ಹಾಕ್ತಿದ್ದೀರಿ. ಜಾಮ್‌ನಗರದಿಂದ ಹೋದ ವಾಯುಪಡೆಯ ಹಂಟರ್ ವಿಮಾನಗಳೂ ಕೆಮಾರಿ ಎಣ್ಣೆ ಟ್ಯಾಂಕಿಗೆ ಹೊಡೆದಿದ್ದವು. ಅದನ್ನು ಯಾರೂ ಹೇಳುವುದೇ ಇಲ್ಲ.

ಕಡಲಂಚು
ಶುರುವಾಯಿತು ನೋಡಿ.

ಹಳೆ_ನಾವಿಕ
ಹೊಡೆದಿದ್ದವು, ಇಲ್ಲ ಅನ್ನುವವರು ಯಾರು? ಟ್ಯಾಂಕು ಒಂದಾ ಎರಡಾ? ಅಲ್ಲಿ ಸಾಲಾಗಿ ಇದ್ದವು. ಅವರೂ ಹೊಡೆದರು, ಇವರೂ ಹೊಡೆದರು. ಯಾವ ಬೆಂಕಿ ಯಾರದ್ದು ಅಂತ ಎರಡೂ ಪಡೆಯ ನಿವೃತ್ತ ಅಧಿಕಾರಿಗಳು ಪುಸ್ತಕಗಟ್ಟಲೆ ಜಗಳ ಆಡಿದ್ದಾರೆ, ನಮಗೆ ಯಾಕೆ? ನೌಕಾ ದಿನ ಎಣ್ಣೆ ಟ್ಯಾಂಕಿಗಾಗಿ ಅಲ್ಲ, ಹಡಗು ಮುಳುಗಿಸಿದ್ದಕ್ಕೆ. ಆಮೇಲೆ ಪಾಕಿಸ್ತಾನದ ಹಡಗುಗಳು ಹೊರಗೆ ಬರೋಕೇ ಹಿಂಜರಿದವು.

ಪೀಣ್ಯ_ಫಿಟ್ಟರ್
ಅವರ ವಿಮಾನದವರೇ ಅವರ ಹಡಗಿಗೆ ಹೊಡೆದ ಕಥೆ ಯಾರಾದರೂ ಹೇಳಿ. ನಮ್ಮ ಮಾವ ಹೇಳುತ್ತಿದ್ದರು, ನಂಬಿರಲಿಲ್ಲ.

ಕಡಲಂಚು
ಅದು 6ನೇ ತಾರೀಖು. ಟ್ರೈಡೆಂಟ್ ಆದ ಮೇಲೆ ಅಲ್ಲಿ ಎಲ್ಲರಿಗೂ ಕ್ಷಿಪಣಿ ದೋಣಿಯದ್ದೇ ಕನಸು. ದೂರದಲ್ಲಿ ಏನೋ ಕಂಡಿತು, ಭಾರತದ ದೋಣಿ ಅಂದುಕೊಂಡು ವಿಮಾನ ಕಳಿಸಿದರು. ಅದು ಅವರದೇ ಫ್ರಿಗೇಟ್ ಜುಲ್ಫಿಕರ್ ಆಗಿತ್ತು.

ಮಲೆನಾಡ_ಮಳೆ
ನಾನೊಂದು ಮಾತು ಹೇಳಲಾ? ಬೈಬೇಡಿ. ಖೈಬರ್‌ನಲ್ಲಿ ಸತ್ತವರು ಇನ್ನೂರಕ್ಕೂ ಜಾಸ್ತಿ. ಅದರ ಮೇಲೆ ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸೋದು ನನಗೆ ಯಾಕೋ ಸರಿ ಕಾಣಲ್ಲ. ನಮ್ಮ ಖುಕ್ರಿ ಯುದ್ಧನೌಕೆ ಮುಳುಗಿದ ದಿನವನ್ನು ಅವರು ಹಂಗೋರ್ ದಿನ ಅಂತ ಆಚರಿಸುತ್ತಾರೆ. ಅದನ್ನು ಕೇಳಿದಾಗ ನಮಗೆ ಹೇಗೆ ಅನಿಸುತ್ತದೆ?

ಬೆಳಗಾವಿ_ಕುಂದಾ
ಯುದ್ಧ ಶುರು ಮಾಡಿದ್ದು ಯಾರು? 3ರ ಸಂಜೆ ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಹಾಕಿದ್ದು ಅವರೇ. ಅದಕ್ಕೂ ಮೊದಲು ಪೂರ್ವ ಬಂಗಾಳದಲ್ಲಿ ಏನು ಮಾಡಿದರು ಅಂತ ಓದಿ ಬನ್ನಿ.

ಮಲೆನಾಡ_ಮಳೆ
ಓದಿದ್ದೇನೆ. ಯುದ್ಧ ತಪ್ಪು ಅಂತ ನಾನು ಹೇಳಲಿಲ್ಲವಲ್ಲ. ಮಗುವಿನ ಮೂರು ನಿಮಿಷದಲ್ಲಿ ಖುಕ್ರಿಗೆ ಅರ್ಧ ನಿಮಿಷ ಕೊಡಿ ಅಂತಿದ್ದೇನೆ ಅಷ್ಟೇ.

ಹಳೆ_ನಾವಿಕ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ ಖುಕ್ರಿ ಮುಳುಗಿತು. ಅದನ್ನು ಮುಳುಗಿಸಿದ ಹಂಗೋರ್ ಫ್ರಾನ್ಸ್‌ನಲ್ಲಿ ಕಟ್ಟಿದ ಪಾಕಿಸ್ತಾನದ ಜಲಾಂತರ್ಗಾಮಿ, ಖುಕ್ರಿ ಹುಡುಕುತ್ತಿದ್ದದ್ದೂ ಅದನ್ನೇ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಉಳಿಯಬಹುದಿತ್ತು. ಉಳಿದವರನ್ನು ನೀರಿಗೆ ಕಳಿಸಿ ತಾವು ಹಡಗಿನ ಜೊತೆಗೇ ಹೋದರು. ಅವರಿಗೆ ಮಹಾವೀರ ಚಕ್ರ ಬಂತು. ನೌಕಾಪಡೆಯಲ್ಲಿ ಅವರ ಹೆಸರು ಬಂದರೆ ಹರಟೆ ಹೊಡೆಯುವವರೂ ಸುಮ್ಮನಾಗುತ್ತಾರೆ.

ನಾಲ್ಕರ ಕಥೆ ಮಾತ್ರ ಹೇಳಿದರೆ ಮಕ್ಕಳಿಗೆ ಯುದ್ಧ ವಿಡಿಯೋ ಗೇಮ್ ಥರ ಕಾಣುತ್ತದೆ. ಒಬ್ಬರಿಗೂ ಗಾಯ ಇಲ್ಲ, ಗುಂಡಿ ಒತ್ತಿದರೆ ಹಡಗು ಮಾಯ. ಒಂಬತ್ತನ್ನೂ ಹೇಳಬೇಕು.

ಸ್ಯಾಂಟಿಯಾಗೊ_ಶೆಟ್ರು
ದೂರದಿಂದ ನಮಸ್ಕಾರ ಮಾರಾಯ್ರೆ. ನಾನಿರುವ ಚಿಲಿಯಲ್ಲಿ ಮೇ 21 ಸರ್ಕಾರಿ ರಜೆ, ನೌಕಾ ಯುದ್ಧದ ದಿನವೇ. 1879ರಲ್ಲಿ ಇಕಿಕೆ ಹತ್ತಿರ ಪೆರುವಿನ ವಾಸ್ಕರ್ ಅನ್ನುವ ಕಬ್ಬಿಣದ ಕವಚದ ಹಡಗು ಇವರ ಎಸ್ಮೆರಾಲ್ಡಾ ಅನ್ನುವ ಹಳೇ ಮರದ ಹಡಗನ್ನು ಗುದ್ದಿ ಮುಳುಗಿಸಿತು. ಕ್ಯಾಪ್ಟನ್ ಅರ್ತುರೊ ಪ್ರಾತ್ ಕತ್ತಿ ಹಿಡಿದು ವೈರಿ ಹಡಗಿನ ಮೇಲೆ ಹಾರಿ ಅಲ್ಲೇ ಸತ್ತ. ಅಂದರೆ ಇವರು ರಜೆ ಕೊಟ್ಟು ಆಚರಿಸುವುದು ತಮ್ಮ ಹಡಗು ಮುಳುಗಿದ ದಿನವನ್ನು!

ಅದೇ ವರ್ಷ ಅಕ್ಟೋಬರ್ 8ಕ್ಕೆ ಅಂಗಾಮೋಸ್ ಎಂಬಲ್ಲಿ ವಾಸ್ಕರ್ ಸಿಕ್ಕಿಬಿತ್ತು. ಪೆರುವಿನ ಅಡ್ಮಿರಲ್ ಮಿಗೆಲ್ ಗ್ರಾವ್ ಅದರ ಮೇಲೇ ಸತ್ತ. ಪೆರುವಿನಲ್ಲಿ ಆ ದಿನ ರಜೆ. ಅವರದ್ದೂ ಸೋಲೇ. ಈಗ ಆ ಹಡಗು ಚಿಲಿಯ ತಾಲ್ಕಾವಾನೊದಲ್ಲಿ ತೇಲುವ ಮ್ಯೂಸಿಯಂ. ಎರಡೂ ದೇಶದ ನಾಯಕರು ಪ್ರಾಣ ಬಿಟ್ಟ ಒಂದೇ ಹಡಗು. ಒಳಗೆ ಇಬ್ಬರಿಗೂ ಗೌರವ ಇದೆ.

ಮಲೆನಾಡ_ಮಳೆ
ಶೆಟ್ರೇ, ಇದು ನಿಜಕ್ಕೂ ಗೊತ್ತಿರಲಿಲ್ಲ. ಥ್ಯಾಂಕ್ಸ್.

ಧಾರವಾಡ_ಗೆಳೆಯ
ನಮ್ಮಲ್ಲಿ ಖುಕ್ರಿ ದಿನ ಅಂತ ರಜೆ ಕೊಟ್ಟರೆ ಮಂದಿ ಅವತ್ತು ಗೋವಾಕ್ಕೆ ಹೋಗ್ತಾರ, ಬಿಡ್ರಿ.

ಕಾಸರಗೋಡು_ಕನ್ನಡ
ಯಾರೂ ಹೇಳದ ಒಂದು ವಿಷಯ ಇದೆ. ಟ್ರೈಡೆಂಟ್‌ನಲ್ಲಿ ಕಿಲ್ಟನ್ ಹಡಗಿನ ಕಮಾಂಡರ್ ಗೋಪಾಲ ರಾವ್ ಅವರಿಗೂ ಮಹಾವೀರ ಚಕ್ರ ಬಂತು. ಅವರ ಪೂರ್ತಿ ಹೆಸರು ಕಾಸರಗೋಡು ಪಟ್ಣಶೆಟ್ಟಿ ಗೋಪಾಲ ರಾವ್. ನಮ್ಮ ಊರಿನ ಹೆಸರು!

ಕಡಲಂಚು
ಹುಟ್ಟಿದ್ದು ಮದುರೈಯಲ್ಲಿ ಅಲ್ವಾ? 2021ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಎಲ್ಲರನ್ನೂ ನಮ್ಮವರು ಅಂತ ಎಳೆದುಕೊಳ್ಳೋದು ಬೇಡ.

ಕಾಸರಗೋಡು_ಕನ್ನಡ
ನಾನು ಎಲ್ಲಿ ಎಳೆದೆ? ಹೆಸರಿನಲ್ಲಿ ಊರಿದೆ ಅಂದೆ. ಕಾಸರಗೋಡಿನವರಿಗೆ ಇಷ್ಟು ಖುಷಿಪಡುವ ಹಕ್ಕೂ ಇಲ್ವಾ?

ಹಳೆ_ನಾವಿಕ
ಖುಷಿಪಡಿ, ಧಾರಾಳವಾಗಿ. ದೋಣಿಗಳ ದಂಡಿನ ಮುಖ್ಯಸ್ಥ ಬಬ್ರು ಭಾನ್ ಯಾದವ್ ಅವರ ಹೆಸರನ್ನೂ ಸೇರಿಸಿ. ಅವರು ನಿಪಾತ್ ಮೇಲಿದ್ದರು, ಅವರದ್ದೂ ಮಹಾವೀರ ಚಕ್ರ. ಇನ್ನೊಂದು ಸ್ವಾರಸ್ಯ ಅಂದರೆ, ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ನಂದಾ ಬೆಳೆದದ್ದೇ ಕರಾಚಿಯಲ್ಲಿ. ನೌಕಾಪಡೆ ಸೇರುವ ಮೊದಲು ಅಲ್ಲಿನ ಬಂದರಿನಲ್ಲೇ ಕೆಲಸ ಮಾಡಿದ್ದರು. ಬಂದರಿನ ಮೂಲೆಮೂಲೆ ಗೊತ್ತಿತ್ತು.

ಬಾದಾಮಿ_ಬಂಡೆ
ನೌಕಾ ದಿನ ಅಂದರೆ 1971 ಮಾತ್ರ ಯಾಕೆ? ಐಹೊಳೆ ಶಾಸನ ಓದಿ. ಎರಡನೇ ಪುಲಕೇಶಿ ಮದ್ದಾನೆಗಳಂಥ ನೂರಾರು ಹಡಗು ತೆಗೆದುಕೊಂಡು ಹೋಗಿ ಪಶ್ಚಿಮ ಕಡಲಿನ ಪುರಿ ಪಟ್ಟಣವನ್ನು ಮುತ್ತಿದ ಅಂತ ರವಿಕೀರ್ತಿ ಏಳನೇ ಶತಮಾನದಲ್ಲೇ ಕಲ್ಲಿನಲ್ಲಿ ಬರೆಸಿದ್ದಾನೆ. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರನ್ನು ನೀರು ಕುಡಿಸಿದಳು. ಕರಾವಳಿ ಕಾವಲು ಪಡೆ ಹಡಗಿಗೆ ಅವಳ ಹೆಸರೇ ಇದೆ. ದಿನ ಮಾತ್ರ ಇಲ್ಲ.

ಸ್ಯಾಂಟಿಯಾಗೊ_ಶೆಟ್ರು
ಪುಲಕೇಶಿ ಯಾವ ತಾರೀಖಿಗೆ ಹೋದ ಅಂತ ರವಿಕೀರ್ತಿ ಬರೆದಿದ್ದರೆ ರಜೆ ಕೇಳಬಹುದಿತ್ತು.

ಬೆಳಗಾವಿ_ಕುಂದಾ
2023ರ ನೌಕಾ ದಿನ ಸಿಂಧುದುರ್ಗದಲ್ಲಿ ಆಯಿತಲ್ಲ. ಶಿವಾಜಿ ಮಹಾರಾಜರ ನೌಕಾಪಡೆಗೆ ಗೌರವ ಅಂತ. ಅದು ಸರಿಯಾದ ಕೆಲಸ.

ಕುಂದಾಪ್ರ_ಕೂಸು
ಶಿವಾಜಿ 1665ರಲ್ಲಿ ಹಡಗು ತಕೊಂಡು ಮೊದಲು ಬಂದದ್ದು ಎಲ್ಲಿಗೆ ಗೊತ್ತಾ? ನಮ್ಮ ಬಸ್ರೂರಿಗೆ. ಬಂದದ್ದು ದೇವಸ್ಥಾನ ನೋಡೋಕಲ್ಲ. ಆಗ ಬಸ್ರೂರು ದೊಡ್ಡ ವ್ಯಾಪಾರದ ಊರು, ದೋಚಿಕೊಂಡು ಹೋದರು. ಆಮೇಲೆ ಗೋಕರ್ಣ, ಅಂಕೋಲೆ, ಕಾರವಾರ. ಹಾಗಾಗಿ ಎಲ್ಲರ ನೌಕಾ ವೈಭವ ಎಲ್ಲರಿಗೂ ಹಬ್ಬ ಆಗಲ್ಲ ಮಾರಾಯ್ರೆ.

ಬೆಳಗಾವಿ_ಕುಂದಾ
ಅದು ಆ ಕಾಲದ ರಾಜಕೀಯ. ಎಲ್ಲ ರಾಜರೂ ಮಾಡಿದ್ದೇ.

ಕುಂದಾಪ್ರ_ಕೂಸು
ಹೌದು. ಎಲ್ಲರೂ ಮಾಡಿದ್ದೇ. ನಾನೂ ಅಷ್ಟೇ ಹೇಳಿದ್ದು.

ನಿರ್ವಾಹಕ
ಬಸ್ರೂರಿನ ವಿಷಯ ಇಲ್ಲಿಗೆ ಸಾಕು. ವೈಯಕ್ತಿಕ ಮಾತು ಬಂದರೆ ಚರ್ಚೆ ಮುಚ್ಚಬೇಕಾಗುತ್ತದೆ.

ಅಂಕೋಲೆ_ಹುಡುಗ
ಕಾರವಾರದ ಹೆಸರು ಬಂದಿದೆ, ಹಾಗಾಗಿ ಹೇಳುತ್ತೇನೆ. ಎಲ್ಲರಿಗೂ ಕಾರವಾರ ನೆನಪಾಗುವುದು ಡಿಸೆಂಬರ್‌ನಲ್ಲಿ ಮಾತ್ರ. ಕದಂಬ ನೌಕಾನೆಲೆ, ವಿಕ್ರಮಾದಿತ್ಯ ಹಡಗು, ಹೆಮ್ಮೆ, ಎಲ್ಲ ಸರಿ. ನನಗೂ ಹೆಮ್ಮೆ ಇದೆ. ಆದರೆ 1986ರಲ್ಲಿ ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆಯಿತು, 2005ರಲ್ಲಿ ಕದಂಬ ಶುರುವಾಯಿತು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲ್ಲೂಕಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಡ ಬಿಟ್ಟವು. ಪರಿಹಾರದ ಕೇಸುಗಳು ದಶಕಗಟ್ಟಲೆ ಎಳೆದವು. ಅರ್ಜಿ ಹಾಕಿದ ಎಷ್ಟೋ ಹಿರಿಯರು ದುಡ್ಡು ಕೈಗೆ ಬರುವ ಮೊದಲೇ ಹೋದರು. ಗದ್ದೆಗೆ ರೇಟು ಕಟ್ಟಬಹುದು. ಅಪ್ಪ, ಅಜ್ಜ ಬಲೆ ಬಿಡುತ್ತಿದ್ದ ದಡಕ್ಕೆ ಏನಂತ ಕಟ್ಟುತ್ತೀರಿ? ನೌಕಾ ದಿನದ ಭಾಷಣಗಳಲ್ಲಿ "ಸೀಬರ್ಡ್ ನಿರಾಶ್ರಿತರು" ಅನ್ನುವ ಎರಡು ಪದ ಕೇಳಿದ್ದು ನನಗಂತೂ ನೆನಪಿಲ್ಲ.

ಜಯನಗರ_4ನೇ_ಬ್ಲಾಕ್
ದೇಶದ ರಕ್ಷಣೆಗೆ ಯಾರಾದರೂ ಸ್ವಲ್ಪ ತ್ಯಾಗ ಮಾಡಲೇಬೇಕಲ್ಲ?

ಅಂಕೋಲೆ_ಹುಡುಗ
ಹೌದು ಸಾರ್. ಜಯನಗರದಲ್ಲೂ ಜಾಗ ಇದೆಯಾ ನೋಡಿ.

ಹಳೆ_ನಾವಿಕ
ಅಂಕೋಲೆಯವರು ಹೇಳಿದ್ದರಲ್ಲಿ ತಪ್ಪೇನಿದೆ? ಮುಂಬೈ ಬಂದರು ಕಿಕ್ಕಿರಿದಿತ್ತು, ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ದೊಡ್ಡ ನೆಲೆ ಬೇಕಿತ್ತು. ನೌಕಾಪಡೆಗೆ ಆ ಜಾಗ ಬೇಕಿದ್ದದ್ದು ನಿಜ. ಜಾಗ ಕೊಟ್ಟವರಿಗೆ ಕಾಲಕ್ಕೆ ಸರಿಯಾಗಿ ದುಡ್ಡು ಕೊಡಬೇಕಾದದ್ದೂ ಅಷ್ಟೇ ನಿಜ. ಇವೆರಡೂ ಒಂದಕ್ಕೊಂದು ವಿರುದ್ಧ ಅಲ್ಲ.

ಪೀಣ್ಯ_ಫಿಟ್ಟರ್
ಮುಂದಿನ ತಿಂಗಳು ಕಾರವಾರಕ್ಕೆ ಬರ್ತಾ ಇದ್ದೀವಿ. ಚಪಲ್ ಪಕ್ಕದಲ್ಲಿ ಈಗ ದೊಡ್ಡ ವಿಮಾನನೂ ಇದೆಯಂತೆ? ಊಟ ಎಲ್ಲಿ ಚೆನ್ನಾಗಿರುತ್ತೆ?

ಅಂಕೋಲೆ_ಹುಡುಗ
ಟುಪೊಲೆವ್, ನೌಕಾಪಡೆಯ ಹಳೇ ಗಸ್ತು ವಿಮಾನ. ಊಟಕ್ಕೆ ದೊಡ್ಡ ಹೋಟೆಲ್ ಬೇಡ. ಮೀನೂಟದ ಸಣ್ಣ ಖಾನಾವಳಿ ಹುಡುಕಿ, ತಿಸ್ರೆ ಸುಕ್ಕಾ ಇದೆಯಾ ಕೇಳಿ. ಮಧ್ಯಾಹ್ನ ಒಂದರೊಳಗೆ ಹೋಗಿ, ಆಮೇಲೆ ಖಾಲಿ.

ಸುಮಾ_ಹೆಬ್ಬಾಳ
ಎಲ್ಲರಿಗೂ ಥ್ಯಾಂಕ್ಸ್. ಮೊದಲ ಸಾಲು ಹೀಗೆ ಬದಲಾಯಿಸಿದ್ದಾಳೆ: "ಕಾರವಾರದಲ್ಲಿರುವ ಚಪಲ್ ಕರಾಚಿಗೆ ಹೋಗಿರಲಿಲ್ಲ. ಅದರ ಅಕ್ಕಂದಿರು ಹೋಗಿದ್ದರು." ಅಂಕಲ್‌ಗೆ ತೋರಿಸಿದಳು, ನಕ್ಕರು. ಖುಕ್ರಿಯನ್ನೂ ಸೇರಿಸಿದ್ದಾಳೆ. ಒಂದೇ ಅನುಮಾನ ಉಳಿದಿದೆ. 1971ಕ್ಕಿಂತ ಮೊದಲು ನೌಕಾ ದಿನ ಇರಲೇ ಇಲ್ವಾ?

ಕಡಲಂಚು
ಇತ್ತು. ಮೊದಲನೇದು 1944ರ ಅಕ್ಟೋಬರ್ 21, ಬ್ರಿಟಿಷರ ಟ್ರಫಾಲ್ಗರ್ ದಿನ. ಮರುವರ್ಷದಿಂದ ಡಿಸೆಂಬರ್ 1. ಆ ಸಲ ಹಿಂದಿನ ರಾತ್ರಿಯೇ ನಮ್ಮ ನಾವಿಕರು ಮುಂಬೈಯಲ್ಲಿ ಬ್ರಿಟಿಷರ ವಿರುದ್ಧ ಗೋಡೆಗಳ ಮೇಲೆ ಬರೆದಿಟ್ಟಿದ್ದರು. ಮೂರು ತಿಂಗಳೊಳಗೆ, 1946ರ ಫೆಬ್ರವರಿಯಲ್ಲಿ, ನಾವಿಕರ ಬಂಡಾಯವೇ ಆಯಿತು. ಆಮೇಲೆ ಬಹಳ ವರ್ಷ ಡಿಸೆಂಬರ್ 15 ಇತ್ತು. 1972ರಲ್ಲಿ ಹಿರಿಯ ಅಧಿಕಾರಿಗಳು ಸಭೆ ಸೇರಿ 4 ಅಂತ ಗೊತ್ತು ಮಾಡಿದರು.

ಧಾರವಾಡ_ಗೆಳೆಯ
ಹಂಗಾದರ ಕರಾಚಿಗೆ ಹೋಗಿ ಬಂದ ಆ ಮೂರು ದೋಣಿ ಈಗ ಎಲ್ಲಿ ಅದಾವ್ರಿ?

ಹಳೆ_ನಾವಿಕ
ವಯಸ್ಸಾಯಿತು, ಸೇವೆಯಿಂದ ತೆಗೆದರು. ಹೆಸರುಗಳನ್ನು ಮಾತ್ರ ಬಿಡಲಿಲ್ಲ. ಆಮೇಲೆ ಬಂದ ದೊಡ್ಡ ಕ್ಷಿಪಣಿ ಹಡಗುಗಳಿಗೆ ವೀರ್, ನಿಪಾತ್, ನಿರ್ಘಾತ್, ವಿನಾಶ್ ಅಂತಲೇ ಇಟ್ಟರು. ನೌಕಾಪಡೆಯಲ್ಲಿ ಹಾಗೇ, ಅಜ್ಜನ ಹೆಸರು ಮೊಮ್ಮಗನಿಗೆ. ಖುಕ್ರಿ ಅನ್ನೋ ಹೆಸರಿನ ಎರಡನೇ ಹಡಗೂ ಸೇವೆ ಮುಗಿಸಿ ಈಗ ದೀವ್‌ನಲ್ಲಿ ನಿಂತಿದೆ, 2022ರಿಂದ.

ಬೆಳಗಾವಿ_ಕುಂದಾ
ಸರಿ, ಚಪಲ್ ವಿಷಯ ಒಪ್ಪಿದೆ. ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯನ್ನು ವಿಶಾಖಪಟ್ಟಣದ ಹತ್ತಿರ ನಮ್ಮ ರಜಪೂತ್ ಹಡಗು ಮುಳುಗಿಸಿದ್ದಂತೂ ನಿಜ ತಾನೆ?

ಜಯನಗರ_4ನೇ_ಬ್ಲಾಕ್
ಒಳಗೇ ಸ್ಫೋಟ ಆಗಿ ಮುಳುಗಿತು ಅಂತ ಪಾಕಿಸ್ತಾನದವರು ಹೇಳುತ್ತಾರೆ.

ಹಳೆ_ನಾವಿಕ
ಇಬ್ಬರಿಗೂ ಕೈ ಮುಗಿಯುತ್ತೇನೆ. ಘಾಜಿಗೆ ಬೇರೆ ಚರ್ಚೆ ತೆಗೆಯಿರಿ, ಅಲ್ಲಿಗೆ ಬರುತ್ತೇನೆ. ಈಗ ಕಾಫಿ ಕುಡಿಯಬೇಕು.